ತಿಂದಿದ್ದು ಮೈಗೆ ಹತ್ತಲ್ಲ ಅನ್ನೋರಿಗೆ

ಮೈಸೂರಿನ ಒಂದು ಕಾಲೇಜ್ ಹಾಸ್ಟೆಲ್ಲಿನ ಊಟದ ಹಾಲಲ್ಲಿ ಜಿಮ್ಮಿಗೆ ಹೋಗೋ ಹುಡುಗರು, ಹುಡುಗೀರು ಎಲ್ರ ಮುಂದೆ ಸಣ್ಣಗಿರೋರು ತೂಕ ಏರಿಸೋದ್ರ ಬಗ್ಗೆ ನಾನು ಮಾತಾಡಿದ್ದು ಇದು. ಯಾರೋ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರು, ಅದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ. ಮೈಕ್ ಕೈಕೊಟ್ಟಾಗ ಅಂದಿದ್ದೆಲ್ಲಾ ಹೋಗಿದೆ, ಅಲ್ಲಲ್ಲಿ ಲೆಕ್ಕ ಸರಿ ಮಾಡಿದೀನಿ, ಮಿಕ್ಕಿದ್ದು ಮಾತಾಡ್ದಂಗೇ ಇದೆ.

ಎಲ್ರಿಗೂ ನಮಸ್ಕಾರ. ಊಟ ಆಯ್ತಾ? ಸರಿ, ಆಯ್ತು ಅಂದವ್ರು ಕೈ ಎತ್ತಿ. ಈಗ ಮಧ್ಯಾಹ್ನ ಏನೇನು ತಿಂದ್ರಿ, ಎಷ್ಟು ತಿಂದ್ರಿ, ಅನ್ನ ಎಷ್ಟು ಸೌಟು, ಸಾರು ಎಷ್ಟು ಸೌಟು ಅಂತ ಸರಿಯಾಗಿ ಹೇಳ್ತೀನಿ ಅನ್ನೋರು ಮಾತ್ರ ಕೈ ಮೇಲಿಟ್ಕೊಳ್ಳಿ. ನೋಡಿ, ಎಲ್ಲಾ ಕೆಳಗೆ ಬಂತು. ನಾನು ಇವತ್ತು ಹೇಳೋಕೆ ಬಂದಿರೋದು ಹೆಚ್ಚುಕಮ್ಮಿ ಇಷ್ಟೇ, ಆದ್ರೆ ಒಂದು ಗಂಟೆ ಮಾತಾಡ್ಬೇಕು ಅಂತ ಕರ್ಸಿದಾರೆ ಅದಕ್ಕೆ ಮುಂದುವರೆಸ್ತೀನಿ.

ನಾನು ಇಂಜಿನಿಯರಿಂಗ್ ಸೇರಿದಾಗ 52 ಕೆಜಿ, ಎತ್ತರ ಐದಡಿ ಎಂಟು ಇಂಚು. ಕಡ್ಡಿ ಪೈಲ್ವಾನ್ ಅಂತ ಕರೀತಿದ್ರು, ಗಾಳಿ ಜೋರಾಗಿ ಬೀಸಿದ್ರೆ ಜೇಬಲ್ಲಿ ಕಲ್ಲು ಹಾಕ್ಕೋ ಅಂತ ನಮ್ಮತ್ತೆ ಹೇಳ್ತಿದ್ರು, ಮದುವೆ ಮನೇಲಿ ಯಾರ್ ಸಿಕ್ಕಿದ್ರೂ ಮೊದಲನೇ ಮಾತು ಏನಪ್ಪಾ ಹಾಸ್ಟೆಲ್ಲಲ್ಲಿ ಊಟ ಹಾಕಲ್ವಾ ಅಂತ. ನಾನು ಎಲ್ರಿಗೂ ಒಂದೇ ಉತ್ತರ ಕೊಡ್ತಿದ್ದೆ, ಇಲ್ಲ ತುಂಬಾ ತಿಂತೀನಿ, ತಿಂದಿದ್ದು ಮೈಗೆ ಹತ್ತಲ್ಲ ಅಷ್ಟೇ ಅಂತ. ಜಿಮ್ ಸೇರ್ದೆ, ಎಂಟು ತಿಂಗಳು ಒಂದಿನ ಬಿಡದೆ ಹೋದೆ, ವೇಟ್ ನೋಡಿದ್ರೆ 53. ಅದೂ ಊಟ ಆದ್ಮೇಲೆ ನೋಡಿದ್ದು.

ಆ ಜಿಮ್ಮಲ್ಲಿ ಒಬ್ರು ವಯಸ್ಸಾದ ಉಸ್ತಾದ್ ಇದ್ರು, ಹಳೇ ಗರಡಿಯವ್ರು, ಅವ್ರು ಒಂದಿನ ಕರೆದು ನೀನು ತುಂಬಾ ತಿಂತೀನಿ ಅಂತೀಯಲ್ಲ, ಒಂದು ವಾರ ತಿಂದಿದ್ದನ್ನೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಾ, ಬಾಯಿಗೆ ಹಾಕ್ಕೊಳೋಕೆ ಮುಂಚೆ ಬರೀಬೇಕು ಆಮೇಲಲ್ಲ ಅಂದ್ರು. ಬರ್ದೆ. ಬೆಳಿಗ್ಗೆ ಮೂರು ಇಡ್ಲಿ ಚಟ್ನಿ, ಮಧ್ಯಾಹ್ನ ಎರಡು ಚಪಾತಿ ಅನ್ನ ಸಾರು ಮಜ್ಜಿಗೆ, ಸಂಜೆ ಟೀ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ ಸಾರು ಪಲ್ಯ. ಲೆಕ್ಕ ಹಾಕಿದ್ರೆ ದಿನಕ್ಕೆ 1800 ಕ್ಯಾಲರಿ ಆಸುಪಾಸು. ಎರಡು ದಿನ ಕ್ಲಾಸಿಗೆ ಲೇಟಾಯ್ತು ಅಂತ ತಿಂಡೀನೇ ಬಿಟ್ಟಿದ್ದೆ, ಅದು ನನಗೆ ನೆನಪೇ ಇರ್ಲಿಲ್ಲ, ನೋಟ್‌ಬುಕ್ ನೋಡಿದ್ಮೇಲೆ ಗೊತ್ತಾಗಿದ್ದು. ಭಾನುವಾರ ಮಾತ್ರ ಸ್ನೇಹಿತನ ಅಣ್ಣನ ಬೀಗರ ಊಟಕ್ಕೆ ಹೋಗಿ ಎಲೆ ಎರಡು ಸಲ ತುಂಬಿಸ್ಕೊಂಡಿದ್ದೆ, ಅವತ್ತು 3000 ದಾಟಿತ್ತು. ನನ್ನ ತಲೇಲಿ ಉಳ್ಕೊಂಡಿದ್ದು ಆ ಭಾನುವಾರ ಒಂದೇ! ಮಿಕ್ಕಿದ ಆರು ದಿನ ಮೂರು ಇಡ್ಲಿಗೇ ಕೈ ತೊಳೆದಿದ್ದು ಲೆಕ್ಕಕ್ಕೇ ಬಂದಿಲ್ಲ. ವಾರದ ಸರಾಸರಿ 2000 ಹತ್ರ ಬರ್ತಿತ್ತು, ಅಂದ್ರೆ 52 ಕೆಜಿ ಮೈ ಹೆಚ್ಚಾಗದಂಗೆ ಕಮ್ಮಿ ಆಗದಂಗೆ ನಿಲ್ಲೋಕೆ ಎಷ್ಟು ಬೇಕೋ ಸುಮಾರು ಅಷ್ಟೇ. ಮೈ ಏನೂ ಮೋಸ ಮಾಡ್ತಿರ್ಲಿಲ್ಲ ಪಾಪ.

ಈಗ ನೀವು ಕೇಳ್ಬೋದು, ಹಂಗಾದ್ರೆ ತಿಂದ್ರೂ ದಪ್ಪ ಆಗದವ್ರು ಇಲ್ವೇ ಇಲ್ವಾ ಅಂತ. ಇದಾರೆ, ಅದು ಸುಳ್ಳಲ್ಲ. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಲ್ಲಿ ಜೇಮ್ಸ್ ಲೆವಿನ್ ಅನ್ನೋರು ಮತ್ತೆ ಅವ್ರ ಜೊತೆಯವ್ರು 16 ಜನಕ್ಕೆ ಎಂಟು ವಾರ ದಿನಾ 1000 ಕ್ಯಾಲರಿ ಜಾಸ್ತಿ ತಿನ್ಸಿದ್ರು. ಎಲ್ರಿಗೂ ಒಂದೇ ಲೆಕ್ಕ. ಆದ್ರೆ ಒಬ್ರಿಗೆ ಅರ್ಧ ಕೆಜಿ ಕೊಬ್ಬೂ ಬರ್ಲಿಲ್ಲ, ಇನ್ನೊಬ್ರಿಗೆ ನಾಲ್ಕು ಕೆಜಿ ಮೇಲೆ ಬಂತು. ವ್ಯತ್ಯಾಸ ಎಲ್ಲಿಂದ ಅಂತ ನೋಡಿದ್ರೆ ಕೊಬ್ಬು ಬರ್ದೇ ಇದ್ದವ್ರು ಗೊತ್ತಿಲ್ದೇ ಜಾಸ್ತಿ ಅಲ್ಲಾಡ್ತಿದ್ರು, ಕೂತಲ್ಲಿ ಕಾಲು ಅಲ್ಲಾಡ್ಸೋದು, ಎದ್ದು ಓಡಾಡೋದು, ನಿಂತ್ಕೊಂಡೇ ಇರೋದು, ಇಂಥದ್ರಲ್ಲೇ ದಿನಕ್ಕೆ ನೂರಾರು ಕ್ಯಾಲರಿ ಖರ್ಚಾಗಿ ಹೋಗ್ತಿತ್ತು. ಈಗ ಇಲ್ಲಿ ಎರಡನೇ ಸಾಲಲ್ಲಿ ಒಬ್ರು ಕಾಲು ಅಲ್ಲಾಡಿಸ್ತಾ ಕೂತಿದಾರೆ, ಹೆಸರು ಹೇಳಲ್ಲ. ಹಿಂಗೆ ಕಾಲು ಅಲ್ಲಾಡಿಸ್ಬೇಡ ದರಿದ್ರ ಅಂತ ಅಜ್ಜಿ ಬೈತಿದ್ರಲ್ಲ, ಕ್ಯಾಲರಿ ಮಟ್ಟಿಗೆ ಅಜ್ಜಿ ಹೇಳಿದ್ದು ಸರಿ ಇತ್ತು ಅನ್ಸುತ್ತೆ.

ಅದಕ್ಕಿಂತ ಮುಂಚೆ 1990ರಲ್ಲಿ ಕೆನಡಾದಲ್ಲಿ ಕ್ಲಾಡ್ ಬುಷಾರ್ ತಂಡದವ್ರು 12 ಜೋಡಿ ಅವಳಿ ಹುಡುಗರಿಗೆ, ಒಂದೇ ತರ ಇರೋ ಅವಳಿಗಳಿಗೆ, ನೂರು ದಿನದಲ್ಲಿ 84 ದಿನ ಇದೇ ತರ 1000 ಕ್ಯಾಲರಿ ಜಾಸ್ತಿ ಕೊಟ್ರು. ಸರಾಸರಿ ಎಂಟು ಕೆಜಿ ಏರಿದ್ರು, ಆದ್ರೆ ಒಬ್ಬ ನಾಲ್ಕು ಚಿಲ್ಲರೆ, ಇನ್ನೊಬ್ಬ 13 ದಾಟಿದ್ದ. ಅಣ್ಣ ತಮ್ಮ ಮಾತ್ರ ಹೆಚ್ಚುಕಮ್ಮಿ ಒಂದೇ ತರ ಏರಿದ್ರು. ಅಂದ್ರೆ ಹುಟ್ಟಿನಿಂದ ಬರೋದೂ ಇದೆ. ಆದ್ರೆ ಒಂದು ನೋಡಿ, ಆ 24 ಜನದಲ್ಲಿ ತೂಕ ಏರ್ದೇ ಇದ್ದವ್ನು ಒಬ್ನೂ ಇಲ್ಲ. ಕಮ್ಮಿ ಏರಿದವ್ನೂ ನಾಲ್ಕು ಕೆಜಿ ಏರಿದಾನೆ. ಹಂಗಾಗಿ ರೂಮ್‌ಮೇಟ್ ಎರಡು ಚಪಾತಿಲಿ ದಪ್ಪ ಆದ ನಾನ್ಯಾಕೆ ಆಗ್ಲಿಲ್ಲ ಅಂತ ಅಳ್ತಾ ಕೂರ್ಬೇಡಿ, ನಿಮ್ಮ ಲೆಕ್ಕ ನಿಮ್ಮದು, ನಿಮಗೆ ಅವನಿಗಿಂತ ಎರಡು ಚಪಾತಿ ಜಾಸ್ತಿ ಬೇಕಾಗುತ್ತೆ ಅಷ್ಟೇ.

ಮತ್ತೆ ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ ಆಮೇಲೆ ಮರೀತೀನಿ. ಚೆನ್ನಾಗಿ ತಿಂತಾ ಇದ್ರೂ ವೇಟ್ ತಾನಾಗೇ ಇಳೀತಾ ಇದ್ರೆ, ಅಥವಾ ಬಾಯಾರಿಕೆ ಜಾಸ್ತಿ, ರಾತ್ರಿ ಬೆವರೋದು, ವಾರಗಟ್ಟಲೆ ಕೆಮ್ಮು, ಎದೆ ಸುಮ್ಮನೆ ಢವಢವ ಅನ್ನೋದು ಇದ್ರೆ ಅದು ಜಿಮ್ ವಿಷಯ ಅಲ್ಲ, ಡಾಕ್ಟರ್ ಹತ್ರ ಹೋಗಿ. ಶುಗರ್, ಥೈರಾಯ್ಡ್, ಟಿಬಿ ಇವೆಲ್ಲಾ ಮೊದಲು ತೂಕದಲ್ಲೇ ಕಾಣಿಸ್ಕೊಳ್ಳೋದುಂಟು.

ಸರಿ ಎಷ್ಟು ತಿನ್ಬೇಕು. ಈಗ ತಿಂತಿರೋದನ್ನ ಒಂದು ವಾರ ಬರೀರಿ, ಅದ್ರ ಮೇಲೆ ದಿನಕ್ಕೆ 300ರಿಂದ 500 ಕ್ಯಾಲರಿ ಸೇರ್ಸಿ. ವಾರಕ್ಕೆ ನಿಮ್ಮ ತೂಕದ ಕಾಲು ಪರ್ಸೆಂಟಿಂದ ಅರ್ಧ ಪರ್ಸೆಂಟ್ ಏರಿದ್ರೆ ಸಾಕು, 60 ಕೆಜಿ ಹುಡುಗನಿಗೆ ವಾರಕ್ಕೆ 150ರಿಂದ 300 ಗ್ರಾಂ. ಇದು ಕೇಳೋಕೆ ಬೋರು, ತಿಂಗಳಿಗೆ ಒಂದು ಕೆಜಿ ಅಂದ್ರೆ ಯಾರಿಗೂ ಖುಷಿ ಆಗಲ್ಲ ನನಗೂ ಆಗಿರ್ಲಿಲ್ಲ. ಬೆಳಿಗ್ಗೆ ಎದ್ದು ಟಾಯ್ಲೆಟ್ಟಿಗೆ ಹೋಗ್ಬಂದು ನೀರೂ ಕುಡೀದೆ ತೂಗ್ಬೇಕು, ವಾರದ ಸರಾಸರಿ ನೋಡ್ಬೇಕು, ಒಂದೊಂದು ದಿನದ ನಂಬರ್ ನೋಡಿದ್ರೆ ಹುಚ್ಚು ಹಿಡಿಯುತ್ತೆ. ಮೊದಲನೇ ವಾರ ಒಂದೂವರೆ ಕೆಜಿ ಏರ್ಬೋದು, ಹೋ ಅಂತ ಸ್ಟೇಟಸ್ ಹಾಕ್ಬೇಡಿ, ಅದ್ರಲ್ಲಿ ಅರ್ಧ ಹೊಟ್ಟೇಲಿರೋ ಊಟ, ಅರ್ಧ ನೀರು, ಮೈಯಲ್ಲಿ ಒಂದು ಗ್ರಾಂ ಗ್ಲೈಕೋಜನ್, ಅಂದ್ರೆ ಮೈ ಕೂಡಿಟ್ಕೊಳ್ಳೋ ಸಕ್ಕರೆ, ಶೇಖರ ಆದ್ರೆ ಅದ್ರ ಜೊತೆ ಸುಮಾರು ಮೂರು ಗ್ರಾಂ ನೀರು ಬಂದು ಕೂರುತ್ತೆ.

ಈಗ ಅಡುಗೆ ಮನೆಗೆ ಬರೋಣ, ನನಗೆ ಇಷ್ಟದ ಭಾಗ ಇದು. ನಮ್ಮ ಊಟದ ತೊಂದರೆ ಏನಪ್ಪಾ ಅಂದ್ರೆ ಹೊಟ್ಟೆ ಬೇಗ ತುಂಬುತ್ತೆ, ಲೆಕ್ಕ ತುಂಬಲ್ಲ. ಬೇಯ್ಸಿದ ಅನ್ನ ನೂರು ಗ್ರಾಂಗೆ 130 ಕ್ಯಾಲರಿ ಅಷ್ಟೇ, ಮಿಕ್ಕಿದ್ದೆಲ್ಲ ನೀರು, ಅದ್ರ ಮೇಲೆ ಇನ್ನೊಂದಷ್ಟು ನೀರು ತಿಳಿಸಾರು ಅನ್ನೋ ಹೆಸರಲ್ಲಿ ಹಾಕ್ಕೊಂತೀವಿ, ಕೊನೇಲಿ ಮಜ್ಜಿಗೆ, ಅದೂ ನೀರು. ಎದ್ದು ನಿಂತ್ರೆ ಹೊಟ್ಟೆ ತಮಟೆ, ಎರಡು ಗಂಟೆ ಬಿಟ್ರೆ ಮತ್ತೆ ಖಾಲಿ. ಬೇಳೇಲಿ ಪ್ರೋಟೀನ್ ಇದೆ ಸಾರ್ ಅಂತ ಎಲ್ರೂ ಹೇಳ್ತಾರೆ, ಇದೆ, ನೂರು ಗ್ರಾಂ ತೊಗರಿಬೇಳೇಲಿ 22 ಗ್ರಾಂ ಹತ್ರ ಇದೆ. ಆದ್ರೆ ನಿಮ್ಮ ತಟ್ಟೆಗೆ ಬೀಳೋ ಸಾರಲ್ಲಿ ಬೇಳೆ ಎಷ್ಟಿದೆ? ಹತ್ತು ಗ್ರಾಂ ಇದ್ರೆ ನಿಮ್ಮ ಪುಣ್ಯ. ಅಂದ್ರೆ ಎರಡು ಗ್ರಾಂ ಪ್ರೋಟೀನ್. ಆ ಲೆಕ್ಕದಲ್ಲಿ ಹೋದ್ರೆ ಬಕೆಟ್ಟೇ ಕುಡೀಬೇಕು.

ಮತ್ತೆ ಬೇಕಾಗಿರೋದು ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವ್ರು ಸಾಮಾನ್ಯ ಜನಕ್ಕೆ ಹೇಳಿರೋದು ದಿನಕ್ಕೆ ಮೈ ತೂಕದ ಒಂದೊಂದು ಕೆಜಿಗೆ 0.83 ಗ್ರಾಂ ಪ್ರೋಟೀನ್. ವೇಟ್ ಎತ್ತೋರಿಗೆ ಅದು ಸಾಲಲ್ಲ, 2018ರಲ್ಲಿ ಹಳೇ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಕೆಜಿಗೆ 1.6 ಗ್ರಾಂ ತನಕ ಉಪಯೋಗ ಕಾಣ್ತು, ಅದ್ರಿಂದಾಚೆಗೆ ಅಷ್ಟೇನೂ ಇಲ್ಲ. 60 ಕೆಜಿಗೆ 96 ಗ್ರಾಂ. ನನ್ನ ನೋಟ್‌ಬುಕ್ಕಲ್ಲಿ ಬರ್ತಾ ಇದ್ದಿದ್ದು 45.

ಹಳ್ಳಿ ಊಟ ತಿಂದ್ರೆ ಸಾಕು ಅನ್ನೋರಿಗೂ ಒಂದು ಮಾತು. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ, ಸರಿ, ನಾನೂ ಮುದ್ದೆ ಮನೆಯವ್ನೇ. ನೂರು ಗ್ರಾಂ ರಾಗಿ ಹಿಟ್ಟಲ್ಲಿ 320 ಕ್ಯಾಲರಿ ಇದೆ, ಕ್ಯಾಲ್ಸಿಯಂ ಭರ್ತಿ ಇದೆ, ಪ್ರೋಟೀನ್ ಮಾತ್ರ ಏಳು ಗ್ರಾಂ. ಬೆಟ್ಟ ಕೀಳೋ ಶಕ್ತಿ ಹಿಟ್ಟಿಂದ, ಮೈ ಕಟ್ಟೋ ಸಾಮಾನು ಅದ್ರ ಪಕ್ಕದಲ್ಲಿರೋ ಹುರುಳಿಕಾಳು, ಅವರೆಕಾಳು, ನಾಟಿಕೋಳಿಯಿಂದ. ಬಸ್ಸಾರು ಮಾಡಿದ ದಿನ ನೋಡಿ, ಕಾಳು ಬೇಯ್ಸಿ ಕಟ್ಟು ಬಸಿದು ಸಾರಿಗೆ ಹಾಕ್ತಾರೆ, ಕಾಳು ಪಲ್ಯಕ್ಕೆ ಹೋಗುತ್ತೆ. ನಾವು ಹುಡುಗರು ಸಾರು ಎರಡು ಬಟ್ಟಲು ಸುರ್ಕೊಂಡು ಪಲ್ಯ ತಟ್ಟೆ ಅಂಚಿಗೆ ಒಂಚೂರು ಉಪ್ಪಿನಕಾಯಿ ತರ ಹಾಕ್ಕೊಂತೀವಿ. ಉಲ್ಟಾ ಮಾಡಿ. ಪಲ್ಯ ಬಟ್ಟಲಿಗೆ ಹಾಕ್ಕೊಳ್ಳಿ.

ಹೊಟ್ಟೆ ತುಂಬಿದ್ಮೇಲೆ ಬಾಯಿಗೆ ತುರುಕೋಕೆ ಆಗಲ್ಲ, ಅದು ಎಲ್ರೂ ಸೋಲೋ ಜಾಗ. ನಾನೂ ಮೊದಲನೇ ತಿಂಗಳು ಇನ್ನೆರಡು ಚಪಾತಿ ತಿನ್ನೋಕೆ ಹೋಗಿ ವಾಂತಿ ಮಾಡ್ಕೊಂಡಿದೀನಿ. ಹಂಗಾಗಿ ಅಗಿಯೋದನ್ನ ಬಿಟ್ಟು ಕುಡಿಯೋದಕ್ಕೆ ಬಂದೆ. ಅರ್ಧ ಲೀಟರ್ ಹಾಲು, ನಂದಿನಿ ಸಮೃದ್ಧಿ ತಗೊಂಡ್ರೆ ಆರು ಪರ್ಸೆಂಟ್ ಕೊಬ್ಬಿರುತ್ತೆ, ಅದ್ರಲ್ಲೇ 440 ಕ್ಯಾಲರಿ ಹತ್ರ ಬಂತು, ನೀಲಿ ಪ್ಯಾಕೆಟ್ಟಾದ್ರೆ 300ರ ಒಳಗೆ. ಅದಕ್ಕೆ ಎರಡು ಏಲಕ್ಕಿ ಬಾಳೆಹಣ್ಣು, ರಾತ್ರಿ ನೆನೆ ಹಾಕಿದ ಒಂದು ಹಿಡಿ ಕಡ್ಲೆಕಾಯಿ ಬೀಜ ಅಂದ್ರೆ 30 ಗ್ರಾಂ, ಒಂದು ಚೂರು ಬೆಲ್ಲ, ಮಿಕ್ಸಿಗೆ ಹಾಕಿ ತಿರುಗ್ಸಿ. 750 ಕ್ಯಾಲರಿ, 25 ಗ್ರಾಂ ಪ್ರೋಟೀನ್, ಎರಡು ನಿಮಿಷದ ಕೆಲಸ, ಒಂದೇ ಸಲಕ್ಕೆ ಆಗ್ಲಿಲ್ಲ ಅಂದ್ರೆ ಬೆಳಿಗ್ಗೆ ಅರ್ಧ ಸಂಜೆ ಅರ್ಧ. ಊಟಕ್ಕೆ ಮುಂಚೆ ಕುಡೀಬೇಡಿ, ಊಟ ಸೇರಲ್ಲ. ಹಾಲು ಆಗದವ್ರಿಗೆ, ಅಂಥವ್ರು ನಮ್ಮಲ್ಲಿ ತುಂಬಾ ಜನ ಇದಾರೆ, ಮೊಸರು ಒಗ್ಗುತ್ತೆ ಸಾಮಾನ್ಯವಾಗಿ. ಅದೂ ಆಗಲ್ವಾ, ಹುರಿಗಡಲೆ ಪುಡಿ ಮಾಡಿಟ್ಕೊಳ್ಳಿ, ನೀರು ಬೆಲ್ಲ ಹಾಕಿ ಕಲಸಿ ಕುಡೀರಿ, ಬಿಹಾರದವ್ರು ಸತ್ತು ಅಂತ ಮಾಡ್ತಾರಲ್ಲ ಹತ್ರಹತ್ರ ಅದೇ. ಬಿಸಿ ಅನ್ನಕ್ಕೆ ಒಂದು ದೊಡ್ಡ ಚಮಚ ತುಪ್ಪ ಹಾಕಿದ್ರೆ 120 ಕ್ಯಾಲರಿ ಬಂತು, ಹೊಟ್ಟೇಲಿ ಜಾಗಾನೇ ಹಿಡಿಯಲ್ಲ. ಮೊಟ್ಟೆ ತಿನ್ನೋರು ಒಂದಕ್ಕೆ ಆರು ಗ್ರಾಂ ಅಂತ ಲೆಕ್ಕ ಇಟ್ಕೊಳ್ಳಿ, ಹಳದಿ ಬಿಸಾಕ್ಬೇಡಿ, ತೂಕ ಏರ್ಬೇಕು ಅನ್ನೋನು ಹಳದಿ ಬಿಸಾಕೋದು ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಸೋಯಾ ಚಂಕ್ಸ್ ಒಣಗಿದ್ದು ನೂರು ಗ್ರಾಂಗೆ 50 ಗ್ರಾಂ ಮೇಲೆ ಪ್ರೋಟೀನ್, ರುಚಿ ಬಗ್ಗೆ ಏನೂ ಹೇಳಲ್ಲ.

ಹಂಗಂತ ಸಿಕ್ಕಿದ್ದೆಲ್ಲ ತಿನ್ಬೋದಾ, ಬೋಂಡ ಬಜ್ಜಿ ಗೋಬಿ, ಡರ್ಟಿ ಬಲ್ಕ್ ಅಂತಾರಲ್ಲ ಅದು? ಇಲ್ಲಿ ನಮ್ಮ ಮೈ ಬಗ್ಗೆ ಒಂದು ವಿಷಯ ಗೊತ್ತಿರ್ಬೇಕು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಒಂದು ಸಣ್ಣ ಬರಹ ಬಂತು, ಜೊತೆಗೆ ಒಂದು ಫೋಟೋ. ಇಬ್ರು ಡಾಕ್ಟರ್‌ಗಳು ಪಕ್ಕಪಕ್ಕ ನಿಂತಿದಾರೆ, ಪುಣೆಯ ಯಾಜ್ಞಿಕ್, ಲಂಡನ್ನಿನ ಯುಡ್‌ಕಿನ್. ಇಬ್ರದ್ದೂ ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, ಒಂದೇ, 22.3. ಮೈಯಲ್ಲಿರೋ ಕೊಬ್ಬು ಅಳೆದ್ರೆ ಯುಡ್‌ಕಿನ್‌ಗೆ 9.1 ಪರ್ಸೆಂಟ್, ಯಾಜ್ಞಿಕ್‌ಗೆ 21.2. ಎರಡೂ ಸಣ್ಣ ಮೈನೇ, ಒಳಗೆ ಬೇರೆ. ನಮ್ಮ ಕಡೆಯವ್ರ ಮೈ ಇದೇ ತರ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಸಣ್ಣ ಮಡಿಕೆ, ಸಣ್ಣಗಿರೋರಿಗೂ ಶುಗರ್ ಬರುತ್ತೆ. ಹಂಗಾಗಿ ಅಮೆರಿಕದ ಹುಡುಗ ಯಾರೋ ದಿನಕ್ಕೆ ಒಂದು ಗ್ಯಾಲನ್ ಅಂದ್ರೆ ಮೂರೂಮುಕ್ಕಾಲು ಲೀಟರ್ ಹಾಲು ಕುಡಿದು ದಪ್ಪ ಆದ ಅಂತ ವಿಡಿಯೋ ನೋಡಿ ನೀವೂ ಶುರು ಮಾಡ್ಬೇಡಿ. ಸೊಂಟಕ್ಕೆ ಒಂದು ಟೇಪ್ ಇಟ್ಕೊಳ್ಳಿ, ಟೈಲರ್ ಟೇಪೇ ಸಾಕು, ಹದಿನೈದು ದಿನಕ್ಕೊಂದ್ಸಲ ಹೊಕ್ಕುಳ ಹತ್ರ ಅಳೀರಿ. ತೂಕ ಎರಡು ಕೆಜಿ ಏರಿ ಸೊಂಟ ಎರಡು ಇಂಚು ಏರಿದ್ರೆ ಬಂದಿರೋದು ಏನು ಅಂತ ನಾನು ಹೇಳ್ಬೇಕಾಗಿಲ್ಲ.

ಅದಕ್ಕೇ ಎತ್ತೋದೂ ಸರಿಯಾಗಿ ಇರ್ಬೇಕು. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್, ರೋ, ಪ್ರತಿ ವಾರ ಒಂದೆರಡು ಕೆಜಿನೋ ಒಂದೆರಡು ರೆಪ್ಸೋ, ಅಂದ್ರೆ ಒಂದೆರಡು ಸಲ ಜಾಸ್ತಿ ಎತ್ತೋದೋ, ಮುಂದೆ ಹೋಗ್ತಿರ್ಬೇಕು. ಮೂರು ತಿಂಗಳಿಂದ ಅದೇ ಡಂಬೆಲ್ಲಲ್ಲಿ ಬೈಸೆಪ್ಸ್ ಹೊಡೀತಾ ಇದ್ದು ಊಟ ಮಾತ್ರ ಪೈಲ್ವಾನ್ ಊಟ ಅಂದ್ರೆ ನಡೆಯಲ್ಲ. ನಮ್ಮ ಮೈಸೂರಿನ ಗರಡಿಗಳ ಕಥೆ ಗೊತ್ತಲ್ಲ ನಿಮಗೆ, ದಸರಾ ಕುಸ್ತಿ ಬಂತು ಅಂದ್ರೆ ಬೆಳಗಿನ ಜಾವ ಎದ್ದು ಮಟ್ಟಿ ಅಂದ್ರೆ ಅಖಾಡದ ಮಣ್ಣು ಅಗೆದು ನೂರುಗಟ್ಟಲೆ ದಂಡ, ಬಸ್ಕಿ, ಆಮೇಲೆ ಜೋಡಿ ಅನ್ನೋ ಮರದ ಗದೆಗಳನ್ನ ತಿರುಗ್ಸೋದು, ಆಮೇಲೆ ಜೊತೆಯವ್ನನ್ನ ಎತ್ತಿ ಒಗೆಯೋದು. ಅದಾದ್ಮೇಲೆ ಹಾಲು ಬಾದಾಮಿ ತುಪ್ಪ. ಹಾಲು ಬಾದಾಮಿ ತುಪ್ಪ ಮಾತ್ರ ನೆನಪಿಟ್ಕೊಂಡು ಬಸ್ಕಿ ಮರ್ತವ್ರನ್ನ ನಾನು ಬೇಕಾದಷ್ಟು ನೋಡಿದೀನಿ. ನಮ್ಮ ಉಸ್ತಾದೇ ನಗ್ತಾ ಹೇಳ್ತಿದ್ರು, ಅಖಾಡ ಬಿಟ್ಟ ದಿನಾನೇ ಹಸಿವು ಬಿಡಲ್ಲ ಕಣಯ್ಯ, ಅದು ಹತ್ತು ವರ್ಷ ಬಾಗಿಲು ತಟ್ಟುತ್ತೆ ಅಂತ ತಮ್ಮ ಹೊಟ್ಟೆ ತೋರ್ಸೋರು.

ಒಂದು ನಿಜವಾದ ಲೆಕ್ಕ ಕೊಡ್ತೀನಿ. ಕುಂದಾಪುರ ಕಡೆ ವಂಡ್ಸೆಯ ಗುರುರಾಜ ಪೂಜಾರಿ, ಲಾರಿ ಡ್ರೈವರ್ ಮಗ, ದೊಡ್ಡ ಸಂಸಾರ, ಮೊದಲು ಕುಸ್ತಿ ಮಾಡ್ಬೇಕು ಅಂತಿದ್ರು, ಉಜಿರೆ ಕಾಲೇಜಲ್ಲಿ ವೇಟ್‌ಲಿಫ್ಟಿಂಗ್ ಹಿಡಿದ್ರು. ಶುರುವಲ್ಲಿ ಡಯಟ್ಟಿಗೆ ದುಡ್ಡು ಹೊಂದಿಸೋದೇ ಕಷ್ಟ ಇತ್ತು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ, ಆ ಕೂಟದಲ್ಲಿ ಭಾರತಕ್ಕೆ ಮೊದಲನೇ ಮೆಡಲ್ ಅದೇ. ಆಮೇಲೆ ಅದೇ ವರ್ಷ ಅಂತಾರಾಷ್ಟ್ರೀಯ ಫೆಡರೇಷನ್ ವಿಭಾಗಗಳನ್ನೇ ಬದಲಾಯಿಸ್ತು, 56 ಹೋಯ್ತು. ಇವ್ರು 61ಕ್ಕೆ ಬಂದ್ರು. 2022ರ ಬರ್ಮಿಂಗ್‌ಹ್ಯಾಮಲ್ಲಿ ಎರಡು ತರ ಎತ್ತೋದ್ರಲ್ಲಿ 118 ಪ್ಲಸ್ 151, ಒಟ್ಟು 269 ಕೆಜಿ, ಕಂಚು. ಮೈಗೆ ಐದು ಕೆಜಿಯ ವಿಭಾಗ ಮೇಲೆ ಹೋದ್ರು, ಎತ್ತೋ ತೂಕಕ್ಕೆ 20 ಕೆಜಿ ಸೇರ್ತು. ಹಂಗೆ ಸೇರೋಕೆ ನಾಲ್ಕು ವರ್ಷ ಹಿಡೀತು, ಅದೂ ಊಟ ನಿದ್ದೆ ಟ್ರೈನಿಂಗ್ ಬಿಟ್ಟು ಬೇರೆ ಕಡೆ ತಲೆ ಹಾಕದ ಮಟ್ಟದವ್ರಿಗೆ. ನೀವು ಮೂರು ತಿಂಗಳಲ್ಲಿ ಹದಿನೈದು ಕೆಜಿ ಅಂತ ಬರೋ ಜಾಹೀರಾತು ನೋಡುವಾಗ ಈ ಲೆಕ್ಕ ಪಕ್ಕದಲ್ಲಿಟ್ಕೊಳ್ಳಿ.

ಡಬ್ಬಗಳ ವಿಷಯ ಬೇಗ ಮುಗಿಸ್ತೀನಿ. ವೇ ಪ್ರೋಟೀನ್ ಅಂದ್ರೆ ಮಾಟಮಂತ್ರ ಅಲ್ಲ, ಪನೀರ್ ಮಾಡುವಾಗ ಹಾಲು ಒಡೆದ ನೀರು ಉಳಿಯುತ್ತಲ್ಲ, ಹತ್ರಹತ್ರ ಅದನ್ನೇ ಒಣಗಿಸಿರೋದು. ದುಡ್ಡಿದ್ರೆ ತಗೊಳ್ಳಿ, ಇಲ್ದಿದ್ರೆ ಇಲ್ಲ. ಮಾಸ್ ಗೇನರ್ ಅಂತ ಬಕೆಟ್ ಸೈಜಿನ ಡಬ್ಬ ನಾನೂ ತಗೊಂಡಿದ್ದೆ, ಮೆಸ್ ಬಿಲ್ ದುಡ್ಡಲ್ಲಿ, ಮನೇಲಿ ಇವತ್ತಿಗೂ ಗೊತ್ತಿಲ್ಲ. ಹಿಂದೆ ತಿರುಗ್ಸಿ ಓದಿದ್ರೆ ಮೊದಲನೇ ಹೆಸರು ಮಾಲ್ಟೋಡೆಕ್ಸ್‌ಟ್ರಿನ್, ಅಂದ್ರೆ ಪಿಷ್ಟದಿಂದ ಮಾಡಿದ ಪುಡಿ, ಸಕ್ಕರೆ ಅಷ್ಟು ಸಿಹಿ ಇಲ್ಲ ಅನ್ನೋದು ಬಿಟ್ರೆ ಮೈಗೆ ಹೆಚ್ಚುಕಮ್ಮಿ ಅದೇ. ಅನ್ನ ತಿನ್ನೋಕೆ ಏನು ರೋಗ. ಕ್ರಿಯೇಟಿನ್ ಅನ್ನೋ ಪುಡಿ ಮಾತ್ರ ಕೆಲಸ ಮಾಡುತ್ತೆ, ದಿನಕ್ಕೆ ಮೂರರಿಂದ ಐದು ಗ್ರಾಂ, ಕಿಡ್ನಿ ತೊಂದರೆ ಇದ್ದವ್ರು ಕೇಳ್ಕೊಂಡು ತಗೊಳ್ಳಿ. ಇನ್ನೊಂದು, ಯಾರಾದ್ರೂ ಹೆಸರಿಲ್ದಿರೋ ಪುಡಿನೋ ಮಾತ್ರೆನೋ ಕೊಟ್ಟು ಹಸಿವು ಆಗುತ್ತೆ ಮುಖ ತುಂಬ್ಕೊಳುತ್ತೆ ಅಂದ್ರೆ ಮುಟ್ಬೇಡಿ. ಡೆಕ್ಸಾಮೆಥಸೋನ್ ತರದ ಸ್ಟೀರಾಯ್ಡಲ್ಲಿ ಮುಖ ತುಂಬ್ಕೊಳುತ್ತೆ ನಿಜ, ಅದು ನೀರು ಮತ್ತೆ ಕೊಬ್ಬು, ಅತ್ತ ಇರೋ ಮಾಂಸಖಂಡ ಕರಗ್ತಿರುತ್ತೆ. ಸಿಪ್ರೋಹೆಪ್ಟಡೀನ್ ಅಂತ ಅಲರ್ಜಿ ಮಾತ್ರೆ ಇದೆ, ಹಸಿವಾಗುತ್ತೆ, ಜೊತೆಗೆ ಕ್ಲಾಸಲ್ಲಿ ಗೊರಕೆ ಹೊಡೀತೀರ.

ಆಮೇಲೆ ಪ್ರಶ್ನೆ ಕೇಳಿ ಅಂದೆ. ಮುಂದಿನ ಸಾಲಲ್ಲಿದ್ದ ಒಬ್ಬ ಹುಡುಗಿ, ಸರ್ ನಾನು 41 ಕೆಜಿ, ವೇಟ್ ಎತ್ತಿದ್ರೆ ಗಂಡಸರ ತರ ಆಗ್ತೀನಿ ಅಂತ ಅಮ್ಮ ಹೆದ್ರುಸ್ತಾರೆ ಅಂದ್ಳು. ಇಲ್ಲಿರೋ ಗಂಡು ಹುಡುಗರು ವರ್ಷಗಟ್ಟಲೆ ಆಗ್ಬೇಕು ಅಂತ ಒದ್ದಾಡ್ತಾ ಇದ್ರೂ ಆಗಿಲ್ಲ, ನಿನಗೆ ಅಷ್ಟು ಸುಲಭಕ್ಕೆ ಹೆಂಗಮ್ಮ ಆಗುತ್ತೆ ಅಂದೆ, ಎಲ್ಲಾ ನಕ್ರು. ಹುಡುಗೀರ ಮೈಯಲ್ಲಿ ಟೆಸ್ಟೋಸ್ಟೆರಾನ್ ಗಂಡಸರದ್ದಕ್ಕೆ ಹೋಲಿಸಿದ್ರೆ ತೀರಾ ಕಮ್ಮಿ, ಮೈ ಗಟ್ಟಿ ಆಗುತ್ತೆ ಅಷ್ಟೇ. ಲೆಕ್ಕ ಅದೇ, ತೂಕಕ್ಕೆ ತಕ್ಕಂಗೆ ಕಮ್ಮಿ ಮಾಡ್ಕೋ. ಮುಟ್ಟು ಸರಿಯಾಗಿ ಬರ್ತಿಲ್ಲ ಅಂದ್ರೆ ಅದೂ ಸರಿಯಾಗಿ ತಿಂತಿಲ್ಲ ಅನ್ನೋದ್ರ ಗುರುತಾಗಿರ್ಬೋದು, ಡಾಕ್ಟರ್‌ಗೆ ತೋರ್ಸು, ಐರನ್ನೂ ನೋಡ್ಸು ಅಂತ ಹೇಳ್ದೆ.

ಪರೀಕ್ಷೆ ಟೈಮಲ್ಲಿ ಏನು ಮಾಡ್ಲಿ ಅಂತ ಇನ್ನೊಬ್ಬ. ಪರೀಕ್ಷೆ ಟೈಮಲ್ಲೇ ಎಲ್ರೂ ಎರಡು ಕೆಜಿ ಕಳ್ಕೊಳ್ಳೋದು, ರಾತ್ರಿ ಎದ್ದಿರೋದು, ಟೀ ಮೇಲೆ ಟೀ, ಬೆಳಿಗ್ಗೆ ತಿಂಡಿ ಇಲ್ಲ. ಜಿಮ್ ಬಿಟ್ರೂ ಪರವಾಗಿಲ್ಲ, ಕಡ್ಲೆಬೀಜ ಬೆಲ್ಲ ಮೇಜಿನ ಮೇಲಿಟ್ಕೊಂಡು ಓದು, ಚಿಕ್ಕಿನಾದ್ರೂ ಸರಿ, ಮಲಗೋದು ಮಾತ್ರ ಬಿಡ್ಬೇಡ ಅಂದೆ.

ಕೊನೇಗೆ ಹಿಂದಿನ ಬೆಂಚಿಂದ ಒಬ್ಬ ತುಂಬಾ ಸಣ್ಣ ಹುಡುಗ ಎದ್ದು, ಸಾರ್ ಇದೆಲ್ಲ ಸರಿ, ನಮ್ಮ ಮೆಸ್ಸಲ್ಲಿ ಎರಡನೇ ಸಲ ಹೋದ್ರೆ ಭಟ್ರು ಗುರಾಯಿಸ್ತಾರೆ, ಸಾರಲ್ಲಿ ಬೇಳೆ ದುರ್ಬೀನು ಹಾಕಿ ಹುಡುಕ್ಬೇಕು ಅಂದ. ಭಟ್ರೂ ಅಲ್ಲೇ ಬಾಗಿಲ ಹತ್ರ ನಿಂತು ಕೇಳ್ತಾ ಇದ್ರು, ನನಗೆ ಗೊತ್ತಿರ್ಲಿಲ್ಲ. ನಾನು ಹೇಳ್ದೆ, ಬೇಳೆ ಭಾರ, ಅದು ತೇಲಲ್ಲ, ತಳಕ್ಕೆ ಹೋಗಿ ಕೂತಿರುತ್ತೆ, ಮೊದಲು ಬಂದವ್ರಿಗೆಲ್ಲ ಮೇಲಿನ ತಿಳಿ. ನಾನು ನಮ್ಮ ಹಾಸ್ಟೆಲ್ಲಲ್ಲಿ ಕೊನೇ ಬ್ಯಾಚಲ್ಲಿ ಊಟಕ್ಕೆ ಹೋಗ್ತಿದ್ದೆ, ತಟ್ಟೆ ಬದ್ಲು ಬಟ್ಟಲು ಹಿಡ್ಕೊಂಡು, ಅಣ್ಣಾ ಒಂಚೂರು ಕೆಳಗಿಂದ ಕಲಕಿ ಹಾಕಿ ಅಂತ. ಅಷ್ಟರಲ್ಲಿ ಬಾಗಿಲಿಂದ ಭಟ್ರು ದನಿ ಬಂತು, ನಾಳೆಯಿಂದ ಕೊನೇ ಬ್ಯಾಚಿಗೆ ನೂರು ಜನ ಬಂದ್ರೆ ತಳಾನೂ ಇರಲ್ಲ ಕಣ್ರೀ, ಬೇಳೆನೇ ಜಾಸ್ತಿ ಹಾಕ್ಬೇಕು, ಅದನ್ನ ವಾರ್ಡನ್ನಿಗೆ ಹೇಳಿ ಅಂತ. ವಾರ್ಡನ್ ಮೊದಲನೇ ಸಾಲಲ್ಲೇ ಕೂತಿದ್ರು.